ಅತ್ತೆಗೆ ನಾನು ದುಭಾಷಿಯಾದದ್ದು

ಡಾಕ್ಟರು ಹತ್ತು ನಿಮಿಷ ಮರಾಠಿಯಲ್ಲಿ ಮಾತಾಡಿದರು. ನಾನು ಅದನ್ನು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಮುಗಿಸಿದೆ.

"ಪಿತ್ತಕೋಶದಾಗ ಬಾವು ಬಂದದಂತ್ರಿ ಅತ್ತಿ, ಔಷಧ ಕೊಡ್ತಾರಂತ."

ಅತ್ತೆ ಡಾಕ್ಟರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಅಂವ ಅಷ್ಟೊತ್ತು ಮಾತಾಡಿದ. ನೀ ಇಷ್ಟ ಹೇಳ್ತಿ?"

"ಮರಾಠಿ ಉದ್ದ ಇರ್ತದ್ರಿ," ಎಂದೆ. ಇಂಥ ಉತ್ತರ ಕೊಟ್ಟಿದ್ದಕ್ಕೆ ನನಗೇ ನಾಚಿಕೆಯಾಯಿತು.

ಡಾಕ್ಟರು ನಿಜವಾಗಿ ಹೇಳಿದ್ದು ಬೇರೆ. ಪಿತ್ತಕೋಶದಲ್ಲಿ ಹುಟ್ಟಿದ ಕ್ಯಾನ್ಸರು ಲಿವರಿಗೆ ಹಬ್ಬಿದೆ, ಆಪರೇಷನ್ ಮಾಡುವ ಹಂತ ದಾಟಿದೆ, ಕಾಮಾಲೆ ಇಳಿಯಲು ಒಂದು ಸಣ್ಣ ನಳಿಕೆ ಕೂರಿಸಬಹುದು, ಉಳಿದಿರುವುದು ತಿಂಗಳುಗಳ ಲೆಕ್ಕ. ಇಷ್ಟು ಹೇಳುವಾಗ ಅವರು ಎಲ್ಲಿಯೂ 'ಕ್ಯಾನ್ಸರ್' ಎಂಬ ಶಬ್ದ ಬಳಸಲಿಲ್ಲ. ಬಳಸಬೇಡಿ ಎಂದು ಹಿಂದಿನ ದಿನ ರಿಪೋರ್ಟು ಬಂದೊಡನೆಯೇ ನನ್ನ ಗಂಡ ಫೋನ್ ಮಾಡಿ ಕೇಳಿಕೊಂಡಿದ್ದರು. ಆಮೇಲೆ ಅಡುಗೆಮನೆಯ ಬಾಗಿಲು ಮುಚ್ಚಿ ನನಗೂ ತೀರ್ಮಾನ ಹೇಳಿದ್ದರು. "ಆ ಶಬ್ದ ಕಿವಿಗೆ ಬಿದ್ರ ಅವ್ವ ಅಲ್ಲೇ ಕುಸೀತಾಳ. ನೀ ಏನರ ಹೊಂದಿಸಿ ಹೇಳು." ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಕಂಪನಿ ಬಸ್ಸು ಹಿಡಿದು ತಳೇಗಾಂವಿನ ಕಾರ್ಖಾನೆಗೆ ಹೋದರು. ತೀರ್ಮಾನ ಅವರದು, ನಾಲಗೆ ನನ್ನದು.

ಅತ್ತೆ ಧಾರವಾಡದಲ್ಲಿ ಹುಡುಗಿಯರ ಶಾಲೆಯೊಂದರಲ್ಲಿ ಹೊಲಿಗೆ ಕಲಿಸಿದವರು. ಮಾವ ತೀರಿಕೊಂಡ ಮೇಲೆ ನಮ್ಮ ಯೆರವಡಾದ ಮನೆಗೆ ಬಂದು ಆರು ವರ್ಷವಾಗಿದ್ದರೂ ಮರಾಠಿ ಕಲಿಯಲಿಲ್ಲ. ತರಕಾರಿಯವನ ಜೊತೆ ಕೈಸನ್ನೆಯಲ್ಲೇ ಚೌಕಾಸಿ ಮಾಡಿ ಗೆದ್ದು ಬರುತ್ತಿದ್ದರು. ಅವರಿಗೆ ಕಲಿಯುವ ಅಗತ್ಯವೇ ಬೀಳಲಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ನಾನು ಬೇಕಾಯಿತು. ಹೀಗಾಗಿ ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ, ಒಂದನೇ ತರಗತಿಯ ಮಕ್ಕಳನ್ನು ಪಕ್ಕದ ಕೋಣೆಯ ಟೀಚರಿಗೆ ಒಪ್ಪಿಸಿ, ರಿಕ್ಷಾದಲ್ಲಿ ಅವರನ್ನು ಕೂರಿಸಿಕೊಂಡು ಹೋಗುತ್ತಿದ್ದೆ. ದಾರಿಯುದ್ದಕ್ಕೂ ಆ ದಿನದ ಸುಳ್ಳನ್ನು ಮನಸ್ಸಿನಲ್ಲೇ ಉರು ಹಾಕಿಕೊಳ್ಳುತ್ತಿದ್ದೆ.

ಒಂದು ತಿಂಗಳು ಹೀಗೇ ನಡೆಯಿತು. ನಳಿಕೆ ಕೂರಿಸಿದರು, ಕಣ್ಣಿನ ಹಳದಿ ಇಳಿಯಿತು. ಅತ್ತೆ ಪ್ರತಿ ಸಲ ಡಾಕ್ಟರಿಗೆ ಉದ್ದುದ್ದ ಪ್ರಶ್ನೆ ಕೇಳುತ್ತಿದ್ದರು, "ಬಾವು ಎಷ್ಟು ಇಳಿದದ ಕೇಳು, ಹಾಸಿಗಿ ಮ್ಯಾಲೆ ಎಡಕ್ಕ ಮಲಗಬೇಕೋ ಬಲಕ್ಕೋ ಕೇಳು." ಬಾವೇ ಇರಲಿಲ್ಲವಲ್ಲ, ನಾನು ಏನು ಕೇಳಲಿ? ಡಾಕ್ಟರಿಗೆ ಮರಾಠಿಯಲ್ಲಿ ಬೇರೇನೋ ಕೇಳಿ, ಅವರ ಉತ್ತರಕ್ಕೆ ಕನ್ನಡದಲ್ಲಿ ಬೇರೇನೋ ಜೋಡಿಸುತ್ತಿದ್ದೆ. ಸಂಜೆ ಗಂಡ ಬಂದವರೇ, "ಅವ್ವಗ ಸಂಶಯ ಬಂತೇನು?" ಎನ್ನುವರು. ನನ್ನ ಗತಿ ಏನಾಯಿತು ಎಂದು ಒಂದು ದಿನವೂ ಕೇಳಲಿಲ್ಲ.

ಗುಟ್ಟು ಒಡೆದದ್ದು ನನ್ನಿಂದಲ್ಲ, ಪ್ರಾರ್ಥನೆಯಿಂದ.

ನಮ್ಮ ಕನ್ನಡ ಚರ್ಚಿನ ಸಭೆಯ ಪಾದ್ರಿ ಅಯ್ಯನವರಿಗೆ ಗಂಡ ವಿಷಯ ತಿಳಿಸಿದ್ದರು. ಯಾರಿಗೂ ಹೇಳಬೇಡಿ, ಪ್ರಾರ್ಥನೆ ಮಾಡಿ ಎಂದಿದ್ದರು. ಅಯ್ಯನವರು ಯಾರಿಗೂ ಹೇಳಲಿಲ್ಲ, ಅದು ನಿಜ. ಒಂದು ಭಾನುವಾರ ಆರಾಧನೆ ಮುಗಿಸಿ ಐದಾರು ಮಂದಿಯೊಂದಿಗೆ ಮನೆಗೆ ಬಂದರು. ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ, ತಲೆಯ ಮೇಲೆ ಕೈಯಿಟ್ಟು, ದೊಡ್ಡ ದನಿಯಲ್ಲಿ ಶುರು ಮಾಡಿದರು.

"ಕರ್ತನೇ, ಈ ನಿನ್ನ ದಾಸಿಯ ದೇಹದಲ್ಲಿರುವ ಕ್ಯಾನ್ಸರನ್ನು ಗದರಿಸು! ಲಿವರಿಗೆ ಹಬ್ಬಿರುವ ಕ್ಯಾನ್ಸರನ್ನು, ನಾಲ್ಕನೇ ಹಂತದ ಈ ಕ್ಯಾನ್ಸರನ್ನು ಬೇರುಸಹಿತ ಕಿತ್ತುಹಾಕು!"

ಎಲ್ಲರ ಕಣ್ಣೂ ಮುಚ್ಚಿದ್ದವು. ನಾನೂ ನನ್ನ ಗಂಡನೂ ಮಾತ್ರ ಕಣ್ಣು ಬಿಟ್ಟು ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದೆವು. ದೇವರೊಂದಿಗೆ ಮಾತಾಡುತ್ತಿರುವವರನ್ನು ತಡೆಯುವುದು ಹೇಗೆ? ಅಯ್ಯನವರು ಮತ್ತೂ ಬಹಳ ಹೊತ್ತು ಪ್ರಾರ್ಥಿಸಿದರು. ನನಗೆ ಗೊತ್ತಿದ್ದ ಅಷ್ಟೂ ವಿವರಗಳು ಅದರಲ್ಲಿ ಬಂದವು. ಮುಗಿದಾಗ ಅತ್ತೆ ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಾರಿಗೂ ಚಹಾ ಮಾಡವಾ," ಎಂದರು.

ಬಂದವರು ಚಹಾ ಕುಡಿದು, ಚೂಡಾ ತಿಂದು ಹೋದರು. "ಅಮ್ಮನವರ ವಿಶ್ವಾಸ ಭಾಳ ದೊಡ್ಡದು ನೋಡ್ರಿ," ಎಂದು ಅಯ್ಯನವರು ಮೆಟ್ಟಿಲ ಬಳಿ ನನಗೆ ಹೇಳಿದರು. ನಾನು ಅವರನ್ನು ಮೆಟ್ಟಿಲಿಂದ ತಳ್ಳಲಿಲ್ಲ ಎಂಬುದೇ ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ.

ಬಾಗಿಲು ಹಾಕಿದ ಮೇಲೆ ಅತ್ತೆ ಮಗನನ್ನು ಕೇಳಿದರು. "ನಾಕನೇ ಹಂತ ಅಂದ್ರ ಕಡೀದೇನು?"

ಗಂಡ ಎದ್ದು ಬಾಲ್ಕನಿಗೆ ಹೋದರು. ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅಳುತ್ತಾರೆ ಎಂದುಕೊಂಡೆ. ಅವರಿಗೆ ಬಂದದ್ದು ಸಿಟ್ಟು.

"ಒಂದ್ ತಿಂಗಳಾತು, ಬಾವು ಇಳೀಲಿ ಅಂತ ಮೊಣಕಾಲೂರಿ ಬೇಡ್ಕೊಂಡೀನಿ. ಇಲ್ಲದ ರೋಗಕ್ಕ! ದೇವರ ಮುಂದೂ ನನ್ನ ಕಡಿಂದ ಸುಳ್ಳು ಹೇಳಿಸಿದ್ರಲ್ಲ!"

ನನಗೂ ತಡೆಯಲಾಗಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಅವರೆದುರು ದನಿ ಏರಿಸಿದೆ. "ನನ್ನ ಯಾಕ ಬೈತೀರಿ? ನಿಮ್ಮ ಮಗನ್ನ ಕೇಳ್ರಿ! ದಿನಾ ರಿಕ್ಷಾದಾಗ ಕೂತು ಸುಳ್ಳು ಹೊಸೆದು ನನಗ ಸಾಕಾಗಿ ಹೋಗ್ಯದ!"

ಬಾಲ್ಕನಿಯಿಂದ ಗಂಡ, "ಅವ್ವಾ, ನಿನ್ನ ಒಳ್ಳೇದಕ್ಕ…" ಎಂದು ಶುರು ಮಾಡಿದರು.

"ನೀ ಸುಮ್ಮನಿರು!" ಎಂದರು ಅತ್ತೆ. ಅದೇ ಮಾತು ನನ್ನ ಬಾಯಿಗೂ ಬಂದಿತ್ತು.

ಬುಧವಾರ ಮತ್ತೆ ಡಾಕ್ಟರ ಬಳಿ ಹೋದೆವು. ಅತ್ತೆ ಹನ್ನೊಂದು ಪ್ರಶ್ನೆಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಿದ್ದರು. "ಅಂವ ಅಂದಿದ್ದ ಹೇಳು. ಹೆಚ್ಚು ಬ್ಯಾಡ, ಕಡಿಮೀನೂ ಬ್ಯಾಡ," ಎಂದು ನನಗೆ ತಾಕೀತು ಮಾಡಿದರು. ಅವರಿಗೆ ಎಲ್ಲ ತಿಳಿದಿದೆ ಎಂದು ಮರಾಠಿಯಲ್ಲಿ ಹೇಳಿದಾಗ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಉಸಿರು ಬಿಟ್ಟರು. ಅವರೂ ಬೇಸತ್ತಿದ್ದರೆಂದು ಕಾಣುತ್ತದೆ.

"ಕೀಮೋ ತಗೊಂಡ್ರ ಗುಣ ಆಗ್ತದೇನು, ಕೇಳು."

"ಗುಣ ಆಗೂದಿಲ್ಲಂತ್ರಿ. ಸ್ವಲ್ಪ ದಿನ ಹೆಚ್ಚು ಸಿಗಬಹುದಂತ. ತ್ರಾಸೂ ಆಗ್ತದಂತ."

"ಕ್ರಿಸ್ಮಸ್ ನೋಡ್ತೀನೇನು?"

ಆಗ ಆಗಸ್ಟ್ ತಿಂಗಳು. ಡಾಕ್ಟರು ಅತ್ತೆಯನ್ನೇ ನೋಡಿ ಉತ್ತರ ಹೇಳಿದರು. ಅದನ್ನು ಹಾಗೇ ದಾಟಿಸಿದೆ. "ನೋಡಬಹುದು, ನೋಡದನೂ ಇರಬಹುದು ಅಂತಾರ್ರಿ."

"ಭಾಳ ನೋಯ್ತದೇನು?"

ಇದಕ್ಕೆ ಡಾಕ್ಟರು ನಿಧಾನವಾಗಿ, ಅತ್ತೆಯ ಕಡೆಗೇ ತಿರುಗಿ ಹೇಳಿದರು. ನೋವಿಗೆ ಒಳ್ಳೆಯ ಔಷಧ ಇದೆ, ಮನೆಗೇ ನರ್ಸ್ ಬರುತ್ತಾರೆ, ಹೆದರಬೇಡಿ ಆಜೀ. ಒಂದಕ್ಷರ ಬಿಡದೆ ಹೇಳಿದೆ. ಅತ್ತೆ ಆ ಪ್ರಶ್ನೆಯ ಮುಂದೆ ಪೆನ್ನಿನಿಂದ ಗೆರೆ ಎಳೆದು ಮುಂದಿನದಕ್ಕೆ ಹೋದರು. ಹನ್ನೊಂದನೆಯದು ಉಪ್ಪಿನಕಾಯಿ ತಿನ್ನಬಹುದೋ ಎಂಬುದಾಗಿತ್ತು. ಡಾಕ್ಟರು ನಕ್ಕು ಒಪ್ಪಿಗೆ ಕೊಟ್ಟರು.

ರಿಕ್ಷಾದಲ್ಲಿ ಅತ್ತೆ ಹೇಳಿದರು, "ನಿನ್ನ ಮರಾಠಿ ಚಲೋ ಅದ. ನನಗ ಕೀಮೋ ಬ್ಯಾಡ ಅಂತ ಅವಗ ನೀನ ಹೇಳಿಬಿಡು." 'ಅವಗ' ಎಂದರೆ ತಮ್ಮ ಮಗನಿಗೆ. ಆ ಕೆಲಸವೂ ನನ್ನ ಪಾಲಿಗೇ ಬಂತು!

ಗಂಡ ಕೂಗಾಡಿದರು, ನೀನೇ ಅವ್ವನನ್ನು ಹೆದರಿಸಿದೆ ಎಂದರು. ಭೋರ್ ಎಂಬ ಊರಿನ ಕಡೆಯಿಂದ ಯಾರೋ ಕೊಟ್ಟ ಬೇರಿನ ಕಷಾಯ ತಂದರು. ಮಗನ ಸಮಾಧಾನಕ್ಕೆಂದು ಅತ್ತೆ ಒಂದು ಲೋಟ ಕುಡಿದು ಅಷ್ಟನ್ನೂ ವಾಂತಿ ಮಾಡಿದರು. ಗಂಡ ತಾವೇ ನೆಲ ಒರೆಸಿದರು. ಅದಾದ ಮೇಲೆ ಕಷಾಯದ ಮಾತೂ ಇಲ್ಲ, ಕೀಮೋದ ಮಾತೂ ಇಲ್ಲ.

ಅತ್ತೆ ಸೊರಗುತ್ತ ಹೋದರು, ಆದರೆ ಮೆತ್ತಗಾಗಲಿಲ್ಲ. ಹದಿನೈದು ದಿನಕ್ಕೊಮ್ಮೆ ಅವರ ರವಿಕೆಗಳು ಸಡಿಲಾಗುತ್ತಿದ್ದವು. ನಾನು ಹಿಡಿದು ಹೊಲಿದರೆ, "ಇದೇನು ಹೊಲಿಗಿ, ಚೀಲ ಹೊಲಿದಂಗ ಅದ," ಎಂದು ಬಿಚ್ಚಿ, ಹಾಸಿಗೆಯಲ್ಲಿ ಕೂತೇ ಮತ್ತೆ ಹೊಲಿಯುತ್ತಿದ್ದರು. ಸೂಜಿಗೆ ದಾರ ಪೋಣಿಸುವುದಕ್ಕಷ್ಟೇ ನಾನು. ಎಷ್ಟೋ ಸಲ ಅಡುಗೆಮನೆಗೆ ಬಂದು ಪಾತ್ರೆ ಕುಕ್ಕಿ ಸಿಟ್ಟು ತೀರಿಸಿಕೊಂಡಿದ್ದೇನೆ. ಅವರಿಗೆ ಸೂಜಿ ಹಿಡಿಯಲೂ ಆಗದ ದಿನ, ರವಿಕೆಯನ್ನು ನನ್ನ ಕಡೆ ಸರಿಸಿದರು. ನಾನು ಹೊಲಿದೆ. ಅವರು ಬಿಚ್ಚಲಿಲ್ಲ. ಬಯ್ಯಲಿ ಎಂದು ಕಾದು ಕೂತೆ.

ಕ್ರಿಸ್ಮಸ್ ಅವರಿಗೆ ಸಿಗಲಿಲ್ಲ. ಡಿಸೆಂಬರಿನ ಮೊದಲ ವಾರ, ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ, "ಪಡದಾ ಎಳಿ, ಬಿಸಲು ಕಣ್ಣಾಗ ಬೀಳ್ತದ," ಎಂದರು. ನಾನು ಕಿಟಕಿಯ ಪರದೆ ಎಳೆದು ತಿರುಗುವಷ್ಟರಲ್ಲಿ ಉಸಿರು ನಿಂತಿತ್ತು.

ಕಾರ್ಖಾನೆಗೆ ಫೋನ್ ಮಾಡಿದೆ. ಆ ಕಡೆ ಯಂತ್ರಗಳ ಸದ್ದು. "ಕಡೀಗೆ ಏನರ ಅಂದ್ಲೇನು?" ಎಂದು ಕೇಳಿದರು ಗಂಡ. ಪರದೆಯ ಮಾತು ಹೇಳಿದೆ. "ನನ್ನ ಹೆಸರು?" ಎಂದರು. ಹೌದು ಎನ್ನುವುದು ಬಹಳ ಸುಲಭವಿತ್ತು. "ಇಲ್ರಿ," ಎಂದೆ. "ಬರ್ತೀನಿ," ಎಂದು ಫೋನ್ ಇಟ್ಟರು.

ಮರುದಿನ ಸಮಾಧಿಗೆ ಹೊರಡುವ ಮೊದಲು ಅಯ್ಯನವರು ತಮ್ಮ ಧರ್ಮೋಪದೇಶದ ಪ್ರಸಂಗಕ್ಕೆಂದು ಅತ್ತೆಯ ಕೊನೆಯ ಮಾತು ಏನೆಂದು ಕೇಳಿದರು. "ಕರ್ತನ ನಾಮ ಎತ್ತಿರಬೇಕಲ್ರಿ?" ಎಂದು ತಾವೇ ಸೂಚಿಸಿದರು. ನಾನು ಬಾಯಿ ತೆರೆಯುವ ಮೊದಲೇ ಗಂಡ ಹೇಳಿದರು, "ಪಡದಾ ಎಳಿ ಅಂದಾಳ್ರಿ. ಹೇಳೂದಿದ್ರ ಅಷ್ಟ ಹೇಳ್ರಿ ಅಯ್ಯನವರ."

ಅಯ್ಯನವರು ಪ್ರಸಂಗದಲ್ಲಿ ಕೊನೆಯ ಮಾತಿನ ವಿಷಯ ಎತ್ತಲಿಲ್ಲ. ಧಾರವಾಡದ ಹುಡುಗಿಯರಿಗೆ ಅತ್ತೆ ಹೊಲಿಗೆ ಕಲಿಸಿದ್ದನ್ನು ಹೇಳಿ, ಬೇಗನೇ ಮುಗಿಸಿದರು.