ಅವರೆ ಕುಡಿಯ ಇರುವೆಗಳು

ಒದ್ದೆ ಬೂದಿಯ ವಾಸನೆ ಈಗ ಸಿಗುವುದೇ ಅಪರೂಪ. ಶಿರಾದಲ್ಲಿ ನಾನಿರುವ ಬಾಡಿಗೆ ಕೋಣೆಯ ಹಿಂದೆ ಯಾರೋ ಸೌದೆ ಒಲೆಯಲ್ಲಿ ನೀರು ಕಾಯಿಸುತ್ತಾರೆ. ಸಂಜೆ ಅವರು ನೀರು ಚಿಮುಕಿಸಿ ಬೆಂಕಿ ಆರಿಸಿದಾಗ ಆ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ, ಕೆಲಸದಿಂದ ದಣಿದು ಬಂದ ನಾನು ದೀಪ ಹಾಕದೆ ಕಿಟಕಿಯ ಬಳಿ ಕೂತುಬಿಡುತ್ತೇನೆ. ನಮ್ಮೂರು ಪುರವರದ ಮನೆಯಲ್ಲಿ ಅವರೆ ಬಳ್ಳಿಗೆ ರಸ ಹೀರುವ ಹೇನು ಹತ್ತಿದರೆ ಮಂಜು ಆರುವ ಮೊದಲೇ ಬೂದಿ ಎರಚುವುದು ರೂಢಿಯಾಗಿತ್ತು. ಹಿತ್ತಲಿನ ಆ ಬಳ್ಳಿಯ ಚಪ್ಪರವನ್ನು ಹಾಕಿದವಳು ನನ್ನ ಅತ್ತೆ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದವಳು, ಎರಡು ಹಸುಗಳ ಹಾಲು ಕರೆದು, ನನ್ನನ್ನು ಎತ್ತಿ ಬೆಳೆಸಿದವಳು. ಎಳೆ ಕುಡಿಗಳಿಗೆ ಕಪ್ಪು ಹೇನು ಮೆತ್ತಿಕೊಂಡಿರುತ್ತಿತ್ತು, ಅದರ ಸುತ್ತ ಇರುವೆಯ ಸಾಲು. ಅಮ್ಮ ಬೂದಿ ತಂದರೆ ಅತ್ತೆ ಅಡ್ಡ ನಿಲ್ಲುತ್ತಿದ್ದಳು.

"ಎರಚಬ್ಯಾಡ ಕಣಮ್ಮ, ಇರುವೆ ಓಡೋಯ್ತವೆ. ಹೇನು ತಿನ್ನಕ್ಕೇ ಅವು ಬಂದಿರಾದು."

"ಹಂಗಾರೆ ಎಲೆ ಹಾಕಿ ಬಡಿಸ್ಬುಡಿ ಅತ್ತಿಗೆ, ಕೂತು ಉಣ್ಣಲಿ," ಎಂದು ಅಮ್ಮ ನಗುತ್ತಿದ್ದಳು.

ಪಾಠದಲ್ಲಿ ಓದಿದ್ದನ್ನು ಒಂದು ಬೆಳಿಗ್ಗೆ ಅತ್ತೆಗೆ ಹೇಳಿದೆ. ಇರುವೆ ಹೇನನ್ನು ತಿನ್ನುವುದಿಲ್ಲ. ಮೀಸೆಯಿಂದ ಸವರಿದರೆ ಹೇನು ಸಿಹಿ ಹನಿ ಬಿಡುತ್ತದೆ, ಇರುವೆ ಅದನ್ನು ಕುಡಿದು, ಬದಲಿಗೆ ಕಾವಲಿರುತ್ತದೆ. ಅಷ್ಟರಲ್ಲೇ ಹೇನು ತಿನ್ನಲು ಬಂದ ಗುಲಗಂಜಿ ಹುಳುವೊಂದನ್ನು ಇರುವೆಗಳು ಮುತ್ತಿ ಓಡಿಸಿದವು. ಅತ್ತೆ ಬಗ್ಗಿ ನೋಡಿದಳು.

"ಅಂಗಾರೆ ಸಾಕ್ಕೊಂಡವೆ ಅನ್ನು, ನಾವು ಹಸ ಸಾಕ್ದಂಗೆ." ಕುಡಿಯಿಂದ ಕಣ್ಣು ತೆಗೆಯದೆ ಕೇಳಿದಳು, "ಹನಿ ಬತ್ತೋದ್ ಮ್ಯಾಲೆ ಏನ್ ಮಾಡ್ತವೆ ಮಗ?"

ಆಗ ಇರುವೆಗಳೇ ಹೇನನ್ನು ತಿಂದುಬಿಡುವುದೂ ಉಂಟು ಎಂದು ಪಾಠದಲ್ಲಿತ್ತು. ನಾನು ಹೇಳಲಿಲ್ಲ. ಅವಳ ಮಂಡಿಗಳು ಆ ವರ್ಷವೇ ಊದತೊಡಗಿದ್ದವು. ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂತವಳು ಕಂಬ ಹಿಡಿದು ಏಳುತ್ತಿದ್ದಳು.

ಅವಳಿಂದ ಕರೆಯಲಾಗದೆ, ಕೊನೆಗೆ ಹಸುಗಳನ್ನು ಮಾರಿದರು. ಯಾರೂ ಅವಳನ್ನು ಹಂಗಿಸಲಿಲ್ಲ. ಅಮ್ಮ ಮುದ್ದೆಯನ್ನು ಮೊದಲಿನಂತೆಯೇ ಬಿಸಿಯಾಗಿ ಇಕ್ಕುತ್ತಿದ್ದಳು. ಆದರೂ ಅತ್ತೆ ಊಟಕ್ಕೆ ಒಂದೇ ಕರೆಗೆ ಬರುವುದನ್ನು ಬಿಟ್ಟಳು. ಈಗ ಅವಳಿಲ್ಲ, ಮನೆಯನ್ನು ಕೆಡವಿ ಹಿತ್ತಲಿಗೆ ಸಿಮೆಂಟ್ ಹಾಕಿದ್ದಾರೆ. ಅವಳ ಕೊನೆಯ ಚಳಿಗಾಲದಲ್ಲಿ ನಾನು ಕಾಲೇಜಿನಿಂದ ಊರಿಗೆ ಬಂದಾಗ, ಬಾಗಿಲ ಬಳಿ ಕಾಲು ಚಾಚಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಅದು ಆರಿಸಿರೋ ಅಕ್ಕಿ ಅತ್ತಿಗೆ," ಎಂದಳು ಅಮ್ಮ.

"ಗೊತ್ತು ಕಣಮ್ಮ," ಎಂದಳು ಅತ್ತೆ. ಬೆರಳು ನಿಲ್ಲಲಿಲ್ಲ.

ಅಮ್ಮ ಒಳಗೆ ಹೋದಳು. ಡಬ್ಬಿಯಲ್ಲಿ ಆರಿಸಿಟ್ಟಿದ್ದ ಉಳಿದ ಅಕ್ಕಿಯನ್ನೂ ತಂದು ಆ ಮೊರಕ್ಕೆ ಮೆಲ್ಲಗೆ ಸುರಿದಳು.