ನನ್ನ ಕಾರಿನ ಉಸಿರು

ಹೊಗೆಯ ವಿಷಯದಲ್ಲಿ ನಾನು ಬಹಳ ದಿನ ನ್ಯಾಯಾಧೀಶನ ಗತ್ತಿನಲ್ಲಿ ಮಾತಾಡಿದವನು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಂಬತ್ತರ ದಶಕದ ನಡುವೆ ನಾವು ಅಮೆರಿಕದ ಸನ್ನಿವೇಲಿನ ಒಂದು ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿದ್ದೆವು. ಆ ಬೇಸಿಗೆಯಲ್ಲಿ ದಕ್ಷಿಣದ ಬೆಟ್ಟಗಳಿಗೆ ಬೆಂಕಿ ಬಿತ್ತು. ನಡುಹಗಲಲ್ಲೇ ಸೂರ್ಯ ಕುಂಕುಮದ ಬಣ್ಣಕ್ಕೆ ತಿರುಗಿದ. ನಿಂತ ಕಾರುಗಳೆಲ್ಲ ವಿಭೂತಿ ಬಳಿದುಕೊಂಡವು. ನನ್ನ ಹೆಂಡತಿ ಶಾರದೆಯ ಹಳೆಯ ಉಬ್ಬಸ ಕೆರಳಿತು. ನಾನು ಕಿಟಕಿಗಳಿಗೆ ಒದ್ದೆ ಪಂಚೆ ಕಟ್ಟಿ, ಬೆಟ್ಟವನ್ನು ಬೈಯುತ್ತ ಕೂತೆ.

ಬೆಂಕಿ ಆರಿ ಆಕಾಶ ನೀಲಿಯಾದರೂ ಅವಳ ಕೆಮ್ಮು ನಿಲ್ಲಲಿಲ್ಲ. ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು ಸುಮ್ಮನಿದ್ದಾಳೆಯೇ? ಅಡುಗೆಮನೆಯ ಕಿಟಕಿಗೊಂದು, ಮಲಗುವ ಕೋಣೆಯ ಕಿಟಕಿಗೊಂದು ಬಿಳಿ ಕರವಸ್ತ್ರ ಕಟ್ಟಿ, ವಾರದ ಮೇಲೆ ಎರಡನ್ನೂ ನನ್ನ ಮುಂದೆ ಹರಡಿದಳು. ಮೊದಲನೆಯದು ಬೆಳ್ಳಗಿತ್ತು. ಎರಡನೆಯದರ ತುಂಬ ಮಸಿ.

"ರೀ, ಈ ಕಿಟಕಿಯ ಹೊರಗಡೆ ಏನಿದೆ?"

"ನಮ್ಮ ಪಾರ್ಕಿಂಗು."

"ಅಲ್ಲಿ ದಿನಾ ಬೆಳಿಗ್ಗೆ ಹತ್ತು ನಿಮಿಷ ಇಂಜಿನ್ನು ಬಿಸಿ ಮಾಡೋರು ಯಾರು?"

ಬೆಟ್ಟಕ್ಕೆ ಕೊಟ್ಟ ಬೈಗುಳವನ್ನೆಲ್ಲ ವಾಪಸು ತೆಗೆದುಕೊಳ್ಳಬೇಕಾಯಿತು. ಸರಕಾರದ ಕಿರುಕುಳವೆಂದು ಮುಂದೂಡುತ್ತಿದ್ದ ಸ್ಮಾಗ್ ಚೆಕ್ಕಿಗೆ, ಅಂದರೆ ಕಾರಿನ ಹೊಗೆ ಪರೀಕ್ಷೆಗೆ, ಮರುದಿನವೇ ಹೋದೆ. ಕಾರು ಫೇಲಾಯಿತು. ಶಾಲೆಯಿಂದ ಇಂಜಿನಿಯರಿಂಗಿನವರೆಗೆ ಎಲ್ಲೂ ಫೇಲಾಗದ ನನಗೆ ಆ ಚೀಟಿ ನೋಡಿ ಕಿವಿ ಬಿಸಿಯಾಯಿತು.

ಎರಡು ಶನಿವಾರ ನಾವಿಬ್ಬರೂ ಪಾರ್ಕಿಂಗಿನಲ್ಲೇ ಕಳೆದೆವು. ಅವಳು ರಿಪೇರಿ ಪುಸ್ತಕ ಓದಿ ಹೇಳಿದಂತೆ ನಾನು ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ.

"ಪೆಟ್ರೋಲು ಜಾಸ್ತಿ, ಗಾಳಿ ಕಮ್ಮಿ. ಗಾಳಿ ಸಾಲದ ಒಲೆ ಹೊಗೆಯಾಡದೆ ಇನ್ನೇನು ಮಾಡುತ್ತೆ?" ಎಂದಳು.

ಮತ್ತೆ ಪರೀಕ್ಷೆಗೆ ಹೋದೆವು. ಮೆಕ್ಯಾನಿಕ್ ಹೊಗೆಕೊಳವೆಯೊಳಗೆ ಸಲಾಕೆ ತೂರಿಸಿದ. ಶಾರದೆ ನನ್ನ ತೋಳನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದಳು. ಯಂತ್ರ ಕಟಕಟ ಎಂದು ಚೀಟಿ ಉಗುಳಿತು. ಪಾಸು! ನಾನು ಅಲ್ಲೇ ಒಂದು ಸುತ್ತು ಕುಣಿದೆ. ಇವರಿಗೇನಾಯಿತೆಂದು ಮೆಕ್ಯಾನಿಕ್ ಗಾಬರಿಯಿಂದ ಕೇಳಿದ.

"ಥಿಯರಿ ಮುಂಚೆಯೇ ಆಗಿತ್ತು. ಇವತ್ತು ಪ್ರಾಕ್ಟಿಕಲ್ಲೂ ಪಾಸಾದರು," ಎಂದು ಅವಳು ಇಂಗ್ಲಿಷಿನಲ್ಲೇ ವಿವರಿಸಿದಳು.

ಗಾಳಿ ಯಾರಪ್ಪನ ಸ್ವತ್ತೂ ಅಲ್ಲ ಅನ್ನುತ್ತಾರೆ. ಆದರೆ ಒಬ್ಬರು ಬಿಟ್ಟದ್ದನ್ನು ಪಕ್ಕದಲ್ಲಿದ್ದವರೇ ಎಳೆದುಕೊಳ್ಳಬೇಕು ಎಂಬುದು ಸಂಸಾರಸ್ಥನಿಗೂ ತಡವಾಗಿ ಹೊಳೆಯುತ್ತದೆ. ದೀಪಾವಳಿಯ ಹೊತ್ತಿಗೆ ಶಾರದೆ ಊರಾಚೆಯ ಗುಡ್ಡವೊಂದನ್ನು ಒಂದೇ ಉಸಿರಿಗೆ ಹತ್ತಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬೇಗ ಬನ್ರೀ, ಇಲ್ಲಿಂದ ಸಮುದ್ರ ಕಾಣುತ್ತೆ!"

ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಿದ್ದವನು ನಾನು. ಇಷ್ಟು ಸಂತೋಷವಾಗಿ ನಾನು ಎಂದೂ ಹಿಂದೆ ಬಿದ್ದಿರಲಿಲ್ಲ.