ತೊರಕೆಯ ತವರುಮನೆ

ನಮ್ಮ ಭಾವನನ್ನು ಬಂದರಿನಲ್ಲಿ ಎಲ್ಲರೂ ಕ್ಯಾಪ್ಟನ್ ಎಂದು ಕರೆಯುತ್ತಾರೆ. ಅದು ಸಮುದ್ರದ ಮೇಲೆ ಗಳಿಸಿದ ಬಿರುದಲ್ಲ, ಅಂಗಡಿಯಲ್ಲಿ ಕೊಂಡ ಟೋಪಿಯೊಂದರ ಜೊತೆ ಬಂದದ್ದು. ಬಿಳಿ ಟೋಪಿ, ಮುಂದೆ ಬಂಗಾರದ ಬಣ್ಣದ ದಾರದಲ್ಲಿ ಲಂಗರಿನ ಚಿತ್ರ. ಅದನ್ನು ತಲೆಗೇರಿಸಿದ ದಿನದಿಂದ ಅವರ ನಡಿಗೆ ಬದಲಾಯಿತು, ದನಿ ಬದಲಾಯಿತು, ಬುದ್ಧಿ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. ಇಲ್ಲಿ ಅವರಿಗೆ ಬಹುವಚನ ಕೊಡುತ್ತಿರುವುದು ನನ್ನ ಅಕ್ಕನ ಮುಖ ನೋಡಿ. ಅವಳ ಗಂಡ ಅಲ್ಲದೇ ಹೋಗಿದ್ದರೆ ಏಕವಚನವೂ ದಂಡ ಎನ್ನುತ್ತಿದ್ದೆ.

ನಾನು ಅದೇ ಬಂದರಿನ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಟ್ರಾಲರ್‌ಗಳ ಡೀಸೆಲ್ ಎಂಜಿನ್, ಬಲೆ ಎಳೆಯುವ ವಿಂಚು, ಎಲ್ಲವೂ ನನ್ನ ಕೈಗೇ ಬರುತ್ತವೆ. ಭಾವನ ಬೋಟಿನ ಎಂಜಿನ್ನೂ ನನ್ನ ಹಣೆಬರಹವೇ. ಹೀಗಾಗಿ ಎರಡೂ ಕಡೆಯ ಸುಳ್ಳುಗಳು ನನ್ನ ಕಿವಿಗೆ ಬೀಳುತ್ತವೆ. ಟ್ರಾಲರ್ ಸಂಘದ ಅಧ್ಯಕ್ಷರಿದ್ದಾರಲ್ಲ, ಅವರು ಬೋಟು ಕಟ್ಟುವ ಧಕ್ಕೆಯ ಮೇಲೆ ನಿಂತು, "ಕಡಲು ಬತ್ತಿದ್ದನ್ನ ಯಾರಾದ್ರೂ ಕಂಡಿದೀರಾ?" ಎಂದು ಕೇಳುತ್ತಾರೆ. ಹಾಗೆ ಕೇಳುವಾಗ ಅವರ ಕಾಲ ಬುಡದಲ್ಲೇ ಅಂಗೈಯಷ್ಟಗಲದ ತೊರಕೆ ಮೀನಿನ ಮರಿಗಳು, ಮೊಳ ತುಂಬದ ಶಾರ್ಕ್ ಮರಿಗಳು ಬುಟ್ಟಿಗಟ್ಟಲೆ ಬಿದ್ದಿರುತ್ತವೆ. ತಿನ್ನಲಿಕ್ಕೂ ಅಲ್ಲ, ಕೋಳಿ ಆಹಾರದ ಪುಡಿ ಮಾಡುವ ಕಾರ್ಖಾನೆಗೆ. ಬೀಜವನ್ನೇ ಬೀಸಿ ತಿಂದು ಬೆಳೆ ಎಲ್ಲಿ ಎಂದು ಕೇಳುವ ಜಾತಿ ಅದು.

ಭಾವ ಅವರನ್ನು ಕಟುಕರು ಎನ್ನುತ್ತಾರೆ. ಅವರು ಭಾವನನ್ನು ಟೋಪಿವಾಲಾ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜ.

ಮದುವೆಯಾದಾಗ ಭಾವ ಫ್ಯಾನು, ಮಿಕ್ಸರ್ ಮಾರುವ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದರು. ತಿರುಗದ ಫ್ಯಾನನ್ನೂ ಬಾಯಿಮಾತಿನಲ್ಲೇ ತಿರುಗಿಸಿ ಮಾರುವ ಕಲೆ ಅವರಿಗಿತ್ತು. ಆ ಬಾಯಿಯನ್ನೇ ಬಂಡವಾಳ ಮಾಡಿಕೊಂಡು ಬೋಟು ಇಳಿಸಿದರು. ನಗರದಿಂದ ಬಂದವರನ್ನು ಕೂರಿಸಿಕೊಂಡು ಹೋಗಿ, ಕೈಗೆ ಗಾಳದ ಕೋಲು ಕೊಟ್ಟು, ದೊಡ್ಡ ಮೀನು ಹಿಡಿಸಿ ಕರೆತರುವ ವಿಹಾರದ ಬೋಟು. ಮೊದಮೊದಲು ಶಾರ್ಕನ್ನು ಬಾಲಕ್ಕೆ ಹಗ್ಗ ಕಟ್ಟಿ ಧಕ್ಕೆಯ ಕಂಬಕ್ಕೆ ತಲೆಕೆಳಗಾಗಿ ನೇತುಹಾಕುತ್ತಿದ್ದರು. ಹಿಡಿದವನು ಪಕ್ಕದಲ್ಲಿ ಎದೆಯುಬ್ಬಿಸಿ ನಿಲ್ಲುವುದು, ಭಾವ ಟೋಪಿ ಸರಿಮಾಡಿಕೊಂಡು ಇನ್ನೊಂದು ಪಕ್ಕದಲ್ಲಿ ನಿಲ್ಲುವುದು, ಫೋಟೋ. ಆಮೇಲೆ ಆ ಶಾರ್ಕು ಯಾರಿಗೂ ಬೇಡ. ಬಿಸಿಲಿಗೆ ನಾರತೊಡಗಿದಾಗ ಧಕ್ಕೆ ಗುಡಿಸುವವಳು ಶಾಪ ಹಾಕುತ್ತಾ ಎಳೆದುಕೊಂಡು ಹೋಗುತ್ತಿದ್ದಳು.

ಕಾಲ ಬದಲಾಯಿತು. ಸತ್ತ ಶಾರ್ಕಿನ ಪಕ್ಕ ನಿಂತ ಫೋಟೋ ಹಾಕಿದರೆ ಜನ ಬೈಯತೊಡಗಿದರು. ಗಾಳಿ ಬಂದತ್ತ ತೂರಿಕೊಳ್ಳುವುದರಲ್ಲಿ ನಮ್ಮ ಭಾವ ನಿಸ್ಸೀಮರು. ಒಂದೇ ವಾರದಲ್ಲಿ ಕಡಲಜೀವಿಗಳ ಆಪ್ತಬಂಧುವಾಗಿಬಿಟ್ಟರು. ಬೋಟಿನ ಪಕ್ಕಕ್ಕೆ ನೀಲಿ ಬಣ್ಣದಲ್ಲಿ 'ಹಿಡಿ, ಮುದ್ದಿಸು, ಬಿಡು' ಎಂದು ಬರೆಸಿದರು.

ಆ ಮುದ್ದಿನ ಪರಿ ಹೀಗಿತ್ತು. ಮೀನು ಸುಸ್ತಾಗಿ ಬೀಳುವವರೆಗೂ ಗಾಳದಲ್ಲಿ ಆಡಿಸುವುದು, ಕಾದ ಡೆಕ್ಕಿನ ಮೇಲೆ ಎಳೆದುಹಾಕುವುದು, ಒಬ್ಬೊಬ್ಬರಾಗಿ ಅದರ ಮೇಲೆ ಕಾಲೂರಿ, ತೊಡೆ ಮೇಲೆ ಹೇರಿಕೊಂಡು ಫೋಟೋ ತೆಗೆಸಿಕೊಳ್ಳುವುದು, ಕೊನೆಗೆ ನೀರಿಗೆ ಜಾರಿಸುವುದು. ಅದು ಓಲಾಡುತ್ತಾ ಮುಳುಗುತ್ತಿದ್ದರೆ ಭಾವ, "ನೋಡಿ, ನೋಡಿ, ಥ್ಯಾಂಕ್ಸ್ ಹೇಳ್ತಾ ಇದೆ!" ಎನ್ನುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಮರುದಿನ ಟ್ರಾಲರ್ ಬಲೆಯಲ್ಲಿ ಅದೇ ಶಾರ್ಕಿನ ಹೆಣ ಬರುತ್ತಿತ್ತು, ಬಾಯಲ್ಲಿ ಭಾವನ ಗಾಳದ ಕೊಕ್ಕೆಯ ಸಮೇತ. ಒಮ್ಮೆ ನಾನೇ ಆ ಕೊಕ್ಕೆಯನ್ನು ಕಿತ್ತು ತಂದು ತೋರಿಸಿದೆ.

"ಹಾರ್ಟ್ ಅಟ್ಯಾಕ್ ಆಗಿರ್ಬೇಕು ಕಣೋ," ಎಂದರು ಭಾವ. "ಈಗಿನ ಕಾಲದಲ್ಲಿ ಯಾರಿಗೆ ಬೇಕಾದ್ರೂ ಆಗುತ್ತೆ."

ಅವರ ನಿಜವಾದ ಹೆಮ್ಮೆ ಮಾತ್ರ ಶಾರ್ಕಲ್ಲ, ತೊರಕೆ. ಮೊರದಂತೆ ಚಪ್ಪಟೆಯಾಗಿ, ಹಿಂದೆ ಚಾವಟಿಯಂಥ ಬಾಲವಿರುವ ಮೀನು ಅದು. ಬಂದರಿನ ಪಕ್ಕದ ಆಳವಿಲ್ಲದ ಕೊಲ್ಲಿಗೆ ಬಸುರಿ ತೊರಕೆಗಳು ಬೇಸಿಗೆಯಲ್ಲಿ ಮರಿ ಹಾಕಲು ಬರುತ್ತವೆ. ತೊರಕೆ ಮೊಟ್ಟೆ ಇಡುವುದಿಲ್ಲ, ಹಸುವಿನ ಹಾಗೆ ಹೆರುತ್ತದೆ, ಅದೂ ಕೆಲವೇ ಮರಿಗಳನ್ನು. ಭಾವ ಅಲ್ಲಿ ಗಾಳ ಹಾಕಿ ಮೇಲೆತ್ತಿದ ತೊರಕೆಗಳು ಎಷ್ಟೋ ಸಲ ಡೆಕ್ಕಿನ ಮೇಲೆಯೇ ಮರಿ ಹಾಕಿಬಿಡುತ್ತಿದ್ದವು. ಇದನ್ನು ಕಂಡು ನಮ್ಮ ಕ್ಯಾಪ್ಟನ್ ಸಾಹೇಬರು ತೀರ್ಮಾನಿಸಿದ್ದೇನು ಗೊತ್ತೇ? ಅವು ತಮ್ಮ ಬೋಟನ್ನು ನಂಬಿ, ಹುಡುಕಿಕೊಂಡು ಹೆರಲು ಬರುತ್ತವೆ ಎಂದು! ಬೋಟಿಗೆ 'ತವರುಮನೆ' ಎಂದು ಹೆಸರಿಟ್ಟರು. ಬುಕಿಂಗ್ ಕೋಣೆಯ ಗೋಡೆಯ ತುಂಬ ತೊರಕೆ ಹೆರಿಗೆಯ ಫೋಟೋಗಳು. ಎಲ್ಲದರಲ್ಲೂ ಮರಿ ಸಣ್ಣದು, ಟೋಪಿ ದೊಡ್ಡದು.

ಅಕ್ಕ ಆ ಕೋಣೆಗೆ ಕಾಲಿಟ್ಟವಳಲ್ಲ, ಬೋಟನ್ನೂ ಹತ್ತಿದವಳಲ್ಲ. ಅವಳು ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನ ಹೆಡ್ ನರ್ಸ್. ವಾರ್ಡಿನಲ್ಲಿ ಅವಳು ದನಿ ಎತ್ತರಿಸಿದರೆ ಡಾಕ್ಟರುಗಳೂ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಾರೆ. ಮನೆಗೆ ಬಂದು ಕಾಲು ಚಾಚಿದ ಮೇಲೆ ಭಾವ ಫೋನು ಹಿಡಿದು, "ನೋಡೇ, ಇವತ್ತೂ ಒಂದು ಹೆರಿಗೆ," ಎಂದರೆ, "ದಿನಾ ಅದನ್ನೇ ನೋಡಿ ಬರ್ತೀನಿ, ಮೀನಿಂದು ಬೇರೆ ಬೇಕಾ?" ಎಂದು ಮುಖ ತಿರುಗಿಸುತ್ತಿದ್ದಳು.

ಹೀಗಿರುವಾಗ ಸರ್ಕಾರ ತಡವಾಗಿಯಾದರೂ ಎಚ್ಚೆತ್ತಿತು. ಶಾರ್ಕು, ತೊರಕೆಗಳು ಕಡಿಮೆಯಾಗುತ್ತಿವೆ, ಮರಿ ಹಾಕುವ ತಿಂಗಳುಗಳಲ್ಲಿ ಕೊಲ್ಲಿಗೆ ಬಲೆಯೂ ಬೇಡ, ಗಾಳವೂ ಬೇಡ ಎಂದು ನಿಯಮ ಬಂತು. ಜೊತೆಗೊಂದು ಕಿಂಡಿಯೂ ಇತ್ತು: ಹಿಡಿದ ಮೀನನ್ನು ಜೀವಂತ ಬಿಡುತ್ತೇನೆಂದು ತೋರಿಸಿಕೊಟ್ಟವರಿಗೆ ವಿಶೇಷ ಅನುಮತಿ ಕೊಡಬಹುದು. ಭಾವನ ಕಣ್ಣು ಅರಳಿತು. ಟ್ರಾಲರ್‌ಗಳೆಲ್ಲ ಹೊರಗೆ, ತಾವೊಬ್ಬರೇ ಒಳಗೆ! ಆ ಅನುಮತಿ ಸಿಕ್ಕರೆ ಕೊಲ್ಲಿಯ ಅಷ್ಟೂ ಬಸುರಿ ತೊರಕೆಗಳು ಅವರ ಗಾಳಕ್ಕೇ. ಇಲ್ಲದಿದ್ದರೆ ಆ ತಿಂಗಳುಗಳಲ್ಲಿ ಅವು ನೆಮ್ಮದಿಯಾಗಿ ಹೆರುತ್ತವೆ. ಅಷ್ಟೇ ವಿಷಯ. ಆದರೆ ಅಷ್ಟರ ಮೇಲೆಯೇ ಒಂದು ಕೊಲ್ಲಿಯ ಸಂತಾನ ನಿಂತಿತ್ತು.

ಪರೀಕ್ಷೆಗೆ ಮೀನುಗಾರಿಕೆ ಇಲಾಖೆಯ ಸಾಹೇಬರೇ ಬರುವುದೆಂದಾಯಿತು. ಹಿಂದಿನ ದಿನ ಭಾವ ಅಕ್ಕನ ಬೆನ್ನು ಬಿದ್ದರು.

"ನೀನೂ ಬಾರೇ. ಹೆಂಡ್ತಿ ಹೆರಿಗೆ ನರ್ಸು ಅಂದ್ರೆ ಸಾಹೇಬರಿಗೆ ಎಷ್ಟು ಗೌರವ ಬರುತ್ತೆ!"

"ನಂಗೆ ಬೋಟು ಆಗಲ್ಲ ರೀ, ಹೊಟ್ಟೆ ತೊಳಸುತ್ತೆ."

"ಸುಮ್ನೆ ಕೂತಿರು, ಸಾಕು. ನಗ್ತಾ ಇರು."

ಅಕ್ಕ ಬಂದಳು, ನಗಲಿಲ್ಲ. ಎಂಜಿನ್ ನೋಡಿಕೊಳ್ಳಲು ನಾನೂ ಇದ್ದೆ. ಸಾಹೇಬರು ಹೊಸ ಶೂ ಹಾಕಿಕೊಂಡು ಬಂದಿದ್ದರು. ಕೊಲ್ಲಿ ತಲುಪುತ್ತಿದ್ದಂತೆ ಭಾವ ಬೆಣ್ಣೆ ಹಚ್ಚತೊಡಗಿದರು. "ಸಾರ್, ತಮ್ಮ ಕೈಗುಣ ನೋಡೋಣ, ಕೋಲು ತಾವೇ ಹಿಡೀಬೇಕು." ಪರೀಕ್ಷೆ ಮಾಡಲು ಬಂದವರು ಬೇಡ ಬೇಡ ಎನ್ನುತ್ತಲೇ ಅಂಗಿಯ ತೋಳು ಮಡಚಿದರು. ಸ್ವಲ್ಪ ಹೊತ್ತಿಗೆ ಕೋಲು ಬಾಗಿತು. ಸಾಹೇಬರು ಎಳೆದರು, ಬೆವೆತರು, ಮಗುವಿನ ಹಾಗೆ ಕೇಕೆ ಹಾಕಿದರು. ಕೊನೆಗೆ ಸೋತು ಮೇಲೆ ಬಂದ ದೊಡ್ಡ ತೊರಕೆಯನ್ನು ಭಾವ ಕಣ್ಣ ಹಿಂದಿನ ತೂತುಗಳಿಗೆ ಬೆರಳು ತೂರಿಸಿ ಎತ್ತಿ ಡೆಕ್ಕಿಗೆ ಹಾಕಿದರು. ಅದು ಅಂಚುಗಳನ್ನು ಬಡಿಯಿತು, ಬೆನ್ನು ಬಾಗಿಸಿತು. ಅಷ್ಟರಲ್ಲೇ ಸುರುಳಿ ಸುತ್ತಿದ ಒಂದು ಮರಿ ಹೊರಗೆ ಜಾರಿತು. ಹಿಂದೆಯೇ ಇನ್ನೊಂದು.

"ಹೆರಿಗೆ ಸಾರ್, ಹೆರಿಗೆ! ನಿಮ್ಮ ಕೈಗುಣ!" ಭಾವ ಕುಣಿದರು. ಸಾಹೇಬರು ಫೋನು ತೆಗೆದು, ಮಂಡಿಯೂರಿ, ಫೋಟೋ ಮೇಲೆ ಫೋಟೋ ತೆಗೆದು, ಅಲ್ಲಿಂದಲೇ ಹೆಂಡತಿಗೂ ಮೇಲಧಿಕಾರಿಗಳಿಗೂ ಕಳಿಸಿದರು.

ಅಷ್ಟೂ ಹೊತ್ತು ಹೊಟ್ಟೆ ಹಿಡಿದುಕೊಂಡು ಕೂತಿದ್ದ ಅಕ್ಕ ಎದ್ದಳು.

"ಎಲ್ಲಾ ಹೊರಗೆ ನಡೀರಿ!"

ಅದು ವಾರ್ಡಿನ ದನಿ. ಸುತ್ತ ನೀರು, ಹೊರಗೆ ಅಂದರೆ ಎಲ್ಲಿಗೆ? ಆದರೂ ಸಾಹೇಬರು ಅಂಜಿ ಕ್ಯಾಬಿನ್ನಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಕ್ಕ ಡೆಕ್ಕಿನ ಮೇಲೆ ಕೂತು, "ನೀರು ತಾರೋ, ಒದ್ದೆ ಬಟ್ಟೆ ತಾ," ಎಂದಳು. ನಾನು ಬಕೆಟ್ಟು ಎಳೆದೆ. ಗಾಳದ ದಾರವನ್ನು ಇಕ್ಕಳದಿಂದ ಕತ್ತರಿಸಿದೆವು, ತಾಯಿಯನ್ನು ಒದ್ದೆ ಗೋಣಿಯಲ್ಲಿ ಎತ್ತಿ ನೀರಿಗೆ ಇಳಿಸಿದೆವು. ಅದು ತಳದ ಕಡೆಗೆ ಹೋಯಿತು, ಬದುಕಿತೋ ಇಲ್ಲವೋ ನಮಗೆ ತಿಳಿಯದು. ಆಮೇಲೆ ಅಕ್ಕ ಮರಿಯನ್ನು ಅಂಗೈ ಮೇಲೆ ಬಿಡಿಸಿ ನೋಡಿದಳು.

"ರೀ, ಇಲ್ಲಿ ಬನ್ನಿ. ಹೊಟ್ಟೆಗೆ ಇನ್ನೂ ಆಹಾರದ ಚೀಲ ಜೋತಾಡ್ತಿದೆ, ನೋಡಿ. ದಿನ ತುಂಬಿಲ್ಲ. ಭಯಕ್ಕೆ, ಎಳೆದಾಟಕ್ಕೆ ಇಳಿದುಹೋಗಿದೆ. ಇದು ಹೆರಿಗೆ ಅಲ್ಲ, ಗರ್ಭಪಾತ."

"ಮೆತ್ತಗೆ ಮಾತಾಡೇ, ಸಾಹೇಬರಿಗೆ ಕೇಳಿಸುತ್ತೆ."

"ದಿನಾ ಫೋನಲ್ಲಿ ತೋರಿಸ್ತಿದ್ರಲ್ಲ, ಅವೂ ಹೀಗೇ ಇದ್ವಾ?"

ಭಾವ ಟೋಪಿ ಸರಿಮಾಡಿಕೊಂಡರು. ಹೀಗೇ ಇದ್ದವು. ಚೀಲ ಜೋತಾಡುತ್ತಿದ್ದ ಮರಿಗಳನ್ನು ಕೈಯಾರೆ ನೀರಿಗೆ ಬಿಟ್ಟು, ಅವು ಕಲ್ಲಿನ ಹಾಗೆ ಮುಳುಗುವಾಗ ಟಾಟಾ ಮಾಡಿದವರು ಅವರು. ನನಗೆ ಅವರ ಟೋಪಿ ಕಿತ್ತು ಸಮುದ್ರಕ್ಕೆ ಎಸೆಯಬೇಕೆನಿಸಿತು. ಅಕ್ಕನ ಮುಖ ನೋಡಿ ಕೈ ಕಟ್ಟಿಕೊಂಡೆ.

ಅಕ್ಕ ಕ್ಯಾಬಿನ್ ಬಾಗಿಲು ತಟ್ಟಿ ಸಾಹೇಬರನ್ನು ಕರೆದು ಅಷ್ಟನ್ನೂ ಹೇಳಿದಳು. ಮರಿಗಳು ಆಗಲೇ ಅಲುಗಾಟ ನಿಲ್ಲಿಸಿದ್ದವು. ಸಾಹೇಬರು ಭಾವನ ಕಡೆ ನೋಡಿದರು.

"ಇದೊಂದು ಹಾಗಾಯ್ತು ಸಾರ್," ಎಂದರು ಭಾವ, ಸತ್ತ ಮರಿಯ ಎದುರಿಗೆ ನಿಂತು. "ಬಾಕಿಯೆಲ್ಲ ಗುಂಡುಗುಂಡಾಗಿದ್ವು."

ಸಾಹೇಬರು ಮರಿ ನೋಡಿದರು, ಫೋನು ನೋಡಿದರು. ಗಾಳ ಎಳೆದದ್ದು ಸ್ವತಃ ಅವರು. ಫೋಟೋ ಆಗಲೇ ಮೇಲಧಿಕಾರಿಗಳ ಮೆಚ್ಚುಗೆ ಪಡೆದು ವಾಪಸ್ಸು ಬಂದಿತ್ತು. ಇದು ತಪ್ಪು ಎಂದು ಬರೆದರೆ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡ ಹಾಗೆ. ಅವರು ಫೋನನ್ನು ಜೇಬಿಗಿಳಿಸಿದರು. "ಅಂದ್ರೆ ಮೇಡಂ, ನಿಮ್ಮಂಥ ನುರಿತವರು ಜೊತೆಗಿದ್ರೆ ಒಳ್ಳೇದು ಅಂತೀರಿ."

"ನಾನು ಹೇಳಿದ್ದು ಹಿಡೀಬೇಡಿ ಅಂತ," ಎಂದಳು ಅಕ್ಕ.

"ಅರ್ಥ ಆಯ್ತು, ಅರ್ಥ ಆಯ್ತು," ಎಂದರು ಸಾಹೇಬರು. ಅರ್ಥವಾಗದವರು ಯಾವಾಗಲೂ ಎರಡು ಸಲ ಹೇಳುತ್ತಾರೆ.

ಅನುಮತಿ ಬಂತು. ಅದರಲ್ಲಿ ಹೀಗಿತ್ತು: 'ಗರ್ಭಿಣಿ ತೊರಕೆಗಳ ಹಿತದೃಷ್ಟಿಯಿಂದ, ಪ್ರತಿ ವಿಹಾರದಲ್ಲೂ ತರಬೇತಿ ಪಡೆದ ಹೆರಿಗೆ ನರ್ಸ್ ಒಬ್ಬರು ಬೋಟಿನಲ್ಲಿ ಕಡ್ಡಾಯವಾಗಿ ಹಾಜರಿರತಕ್ಕದ್ದು.' ವರ್ಕ್‌ಶಾಪಿನಲ್ಲಿ ಇದನ್ನು ಓದಿ ನಾನು ನಕ್ಕ ನಗುವಿಗೆ ಸ್ಪ್ಯಾನರ್ ಕೈಜಾರಿ ಕಾಲ ಮೇಲೆ ಬಿತ್ತು. ಟ್ರಾಲರ್ ಸಂಘದ ಅಧ್ಯಕ್ಷರಂತೂ, "ಹಾಗಾದ್ರೆ ನಾವೂ ಒಬ್ಬೊಬ್ಬ ಸೂಲಗಿತ್ತೀನ ಇಟ್ಕೊಳ್ತೀವಿ, ಬಿಡಿ ಒಳಗೆ," ಎಂದು ಕಚೇರಿಯ ಮುಂದೆ ಹೋಗಿ ಕೂತರು. ಪುಣ್ಯಕ್ಕೆ ಅವರ ಮಾತನ್ನು ಯಾರೂ ಕೇಳಲಿಲ್ಲ.

ಭಾವ ಮಾತ್ರ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಓಡಿದರು. "ನಿನ್ನಿಂದಾನೇ ಸಿಕ್ತು ಕಣೇ! ನಾಳೆಯಿಂದ ಬೋಟಲ್ಲಿ ನಿಂಗೊಂದು ಕುರ್ಚಿ!"

"ನಾಳೆ ನಂಗೆ ಡ್ಯೂಟಿ ಇದೆ," ಎಂದಳು ಅಕ್ಕ.

"ನಾಡಿದ್ದು?"

"ಡ್ಯೂಟಿ."

ಭಾನುವಾರ ಅವಳಿಗೆ ರಜೆ. ಭಾನುವಾರ ಬಟ್ಟೆ ಒಗೆದಳು.

ಭಾವ ಬೇರೆ ನರ್ಸುಗಳನ್ನು ಹುಡುಕಿಕೊಂಡು ಹೊರಟರು. ಊರಿನ ಹೆರಿಗೆ ನರ್ಸುಗಳೆಲ್ಲ ಅಕ್ಕನ ಕೈಯಲ್ಲಿ ಬೈಸಿಕೊಂಡು ಕೆಲಸ ಕಲಿತವರು. ಕ್ಯಾಪ್ಟನ್ ಬಂದರೆಂದರೆ ಒಬ್ಬಳಿಗೆ ತಲೆನೋವು, ಒಬ್ಬಳಿಗೆ ನೆಂಟರು. ಕೊನೆಗೆ ತಾವು ಹಿಂದೆ ಕೆಲಸಕ್ಕಿದ್ದ ಅಂಗಡಿಯ ಸೇಲ್ಸ್‌ಗರ್ಲ್ ಒಬ್ಬಳಿಗೆ ಬಿಳಿ ಕೋಟು ತೊಡಿಸಿ ಕೂರಿಸಿಕೊಂಡು ಹೋದರು. ಕೊಲ್ಲಿಯ ಬಾಯಲ್ಲಿ ಕಾವಲಿನವನು ತಡೆದ. ಅವನ ಮೂರೂ ಮಕ್ಕಳು ಅಕ್ಕನ ವಾರ್ಡಿನಲ್ಲೇ ಹುಟ್ಟಿದವರು, ಅವನಿಗೆ ಅಲ್ಲಿನ ಒಬ್ಬೊಬ್ಬ ನರ್ಸಿನ ಬೈಗುಳದ ಪರಿಚಯವೂ ಉಂಟು. "ಇವರನ್ನ ಮಿಕ್ಸರ್ ಅಂಗಡೀಲಿ ನೋಡಿದ ಹಾಗಿದೆಯಲ್ಲ ಕ್ಯಾಪ್ಟನ್ರೇ," ಎಂದು ಬೋಟನ್ನು ತಿರುಗಿಸಿ ಕಳಿಸಿದ.

ಆ ಸಂಜೆ ನಾನು ಅಕ್ಕನ ಮನೆಯಲ್ಲೇ ಇದ್ದೆ. ಭಾವ ಟೋಪಿಯನ್ನು ಸೋಫಾದ ಮೇಲೆ ಒಗೆದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ದನಿಯಲ್ಲಿ ಸೇಲ್ಸ್‌ಮನ್ ಇರಲಿಲ್ಲ.

"ಏನೇ ನಿನ್ನ ಹಟ? ಯಾವುದೋ ಮೀನಿಗೋಸ್ಕರ ಗಂಡನ ಹೊಟ್ಟೆ ಮೇಲೆ ಹೊಡೀತೀಯಾ? ಬಂದು ಒಂದ್ ಮೂಲೇಲಿ ಕೂತ್ರೆ ನಿಂದೇನು ಗಂಟು ಹೋಗುತ್ತೆ?"

ಅಕ್ಕ ಯೂನಿಫಾರ್ಮಿಗೆ ಬ್ಯಾಡ್ಜ್ ಸಿಕ್ಕಿಸಿಕೊಳ್ಳುತ್ತಿದ್ದಳು. ಸಿಟ್ಟು ಮಾಡಿಕೊಳ್ಳಲಿಲ್ಲ. ವಾರ್ಡಿನ ಹೊರಗೆ ಗಾಬರಿಯಲ್ಲಿ ನಿಂತ ಗಂಡಂದಿರಿಗೆ ತಿಳಿಹೇಳುವಾಗ ಅವಳ ದನಿ ಹೇಗಿರುತ್ತದೋ ಹಾಗೇ ಇತ್ತು.

"ಬರಲ್ಲ ಅಂತ ಯಾರು ಹೇಳಿದ್ರು? ಬರ್ತೀನಿ. ಆದ್ರೆ ನಮ್ಮಲ್ಲಿ ಬಸುರೀನ ಬಾಯಿಗೆ ಕೊಕ್ಕೆ ಸಿಗಿಸಿ ಎಳ್ಕೊಂಡು ಬಂದು ಹೆರಿಗೆ ಮಾಡ್ಸಲ್ಲ. ನೀವು ಬೋಟು ತಗೊಂಡು ಹೋಗಿ ಕೊಲ್ಲಿ ಬಾಯಲ್ಲಿ ಕಾಯ್ತಾ ಇರಿ. ಯಾವುದಾದ್ರೂ ಒಂದು ತೊರಕೆ ತಾನಾಗೇ ಬಂದು ಬೋಟು ಹತ್ತಿದ್ರೆ ಫೋನ್ ಮಾಡಿ, ತಕ್ಷಣ ಬರ್ತೀನಿ."

ಚಪ್ಪಲಿ ಮೆಟ್ಟಿಕೊಂಡು ಅಕ್ಕ ಡ್ಯೂಟಿಗೆ ಹೊರಟುಹೋದಳು.